ಹಗ್ಗದಜ್ಜಿಯ ಸರದಿ

ನಮ್ಮ ಮಲಗುವ ಕೋಣೆಯ ಅಲ್ಮೇರಾದ ಮೇಲೆ ಒಂದು ಹಲಗೆ ಇದೆ. ಪ್ಲೈವುಡ್ಡಿನದು. ಇಟ್ಟದ್ದು ಜಾರಿ ಬೀಳದಿರಲೆಂದು ಸುತ್ತಲೂ ಸಣ್ಣ ಪಟ್ಟಿ ಹೊಡೆದು ನಾನೇ ಮಾಡಿಕೊಟ್ಟದ್ದು. ಅದರ ಮೇಲೆ ಕೆಂಪು ಚೌಕಳಿಯ ಗಮ್ಛಾ, ಇಲ್ಲಿಯವರ ತೆಳು ಟವೆಲು, ಹೊದಿಸಿದೆ. ನನ್ನ ಹೆಂಡತಿ ತೀರಿಕೊಂಡ ಮೇಲೆ ಬಹಳ ದಿನ ಆ ಗಮ್ಛಾವನ್ನು ಯಾರೂ ಸರಿಸಲಿಲ್ಲ. ಅವಳೂ ಮಗಳೂ ಆಡುತ್ತಿದ್ದ ಒಂದು ಆಟ ಅದರ ಕೆಳಗೆ ಅರ್ಧಕ್ಕೆ ನಿಂತಿತ್ತು.

ಅದು ಇಸ್ಪೀಟಿನಂಥ ಆಟವಲ್ಲ. ಒಂದೊಂದು ಎಲೆಯ ಮೇಲೂ ಒಂದೊಂದು ಚಿತ್ರ: ರೆಕ್ಕೆಯ ಹಾವು, ಕೊಂಬಿನ ಕುದುರೆ, ಕಲ್ಲಿನ ಮನುಷ್ಯ. ಚಿತ್ರದ ಕೆಳಗೆ, ಆ ಎಲೆ ಏನು ಮಾಡುತ್ತದೆ ಎಂದು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿರುತ್ತದೆ. ಎಲೆಗಳನ್ನು ಅಂಗಡಿಯಲ್ಲಿ ಕೊಂಡು, ಬೇರೆಯವರ ಜೊತೆ ಬದಲಾಯಿಸಿಕೊಂಡು, ಅವರವರ ಕಟ್ಟನ್ನು ಅವರವರೇ ಜೋಡಿಸಿಕೊಳ್ಳಬೇಕು. ಇಬ್ಬರು ಎದುರುಬದುರು ಕೂತು ಆಡುತ್ತಾರೆ. ಕೆಲವು ಎಲೆಗಳು ಜೀವಿಗಳು. ಅವು ಹಲಗೆಯ ಮೇಲೆ ನಿಂತು ಹೊಡೆದಾಡುತ್ತವೆ. ಕೆಲವು ಮಂತ್ರಗಳು, ಅವು ಹೊಡೆದಾಟದ ನಿಯಮವನ್ನೇ ಬದಲಾಯಿಸುತ್ತವೆ. ಪೆಟ್ಟು ತಿಂದ ಜೀವಿ ಪಕ್ಕದ ರಾಶಿಗೆ ಹೋಗುತ್ತದೆ. ಆ ರಾಶಿಗೆ ಆಟದಲ್ಲಿ ಇರುವ ಹೆಸರು ಸ್ಮಶಾನ.

ಮಗಳು ಕಾಲೇಜಿನಲ್ಲಿದ್ದಾಗ ಇದನ್ನು ಹಚ್ಚಿಕೊಂಡಳು. ನಾವಿರುವ ಈ ಬಂಗಾಳದ ನಗರದಲ್ಲಿ, ಕಸ್ಬಾದ ಮಾಲಿನ ಹಿಂದೆ, ಝೆರಾಕ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ ಆಡುವವರ ಒಂದು ಅಂಗಡಿ ಇದೆ. ಮಗಳನ್ನು ಒಬ್ಬಳೇ ಕಳಿಸಲು ಮನಸ್ಸಿಲ್ಲದೆ ನನ್ನ ಹೆಂಡತಿ ಜೊತೆಗೆ ಹೋಗಿ ಮೂಲೆಯಲ್ಲಿ ಕೂರುತ್ತಿದ್ದಳು. ಕೂತು ನೋಡಿದಳು. ನಮ್ಮ ಹಾವೇರಿ ಕಡೆ ಚಿಕ್ಕಂದಿನಲ್ಲಿ ಕವಡೆ ಹಾಕಿ ಮನೆಮಂದಿಯನ್ನೆಲ್ಲ ಸೋಲಿಸಿದವಳು. ಒಂದು ದಿನ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡು, "ನನಗೂ ಒಂದ್ ಕಟ್ಟು ಕೊಡಸ" ಎಂದಳಂತೆ. ಆಮೇಲೆ ತಾಯಿಯೇ ಮಗಳಿಗಿಂತ ಹೆಚ್ಚು ಹೋಗತೊಡಗಿದಳು. ಅಲ್ಲಿನ ಹುಡುಗ ಹುಡುಗಿಯರು ಅವಳನ್ನು ಕಾಕಿಮಾ ಎಂದು ಕರೆಯುತ್ತಿದ್ದರು, ಬಂಗಾಳಿಯಲ್ಲಿ ಚಿಕ್ಕಮ್ಮನನ್ನು ಕರೆಯುವಂತೆ.

ಇಂಗ್ಲಿಷನ್ನು ಅವಳು ನಿಧಾನವಾಗಿ ಓದುತ್ತಿದ್ದಳು. ಎಲೆಯ ಹೆಸರು ನೆನಪಿಡುವ ಗೊಡವೆಗೆ ಹೋಗಲಿಲ್ಲ. ಚಿತ್ರ ನೋಡಿ ತಾನೇ ಹೆಸರಿಟ್ಟಳು. ಮುದಿಹುಲಿ, ಎರಡ್ ತಲಿ ಹದ್ದು, ಸಿಟ್ಟಿನ ಗೌಡ. ಸ್ಮಶಾನ ಎನ್ನುವ ಮಾತನ್ನು ಮಾತ್ರ ಮನೆಯೊಳಗೆ ಆಡಗೊಡಲಿಲ್ಲ. ಅವಳ ಆಟದಲ್ಲಿ ಬಿದ್ದ ಜೀವಿಗಳು ತವರಿಗೆ ಹೋಗುತ್ತಿದ್ದವು.

"ಅವ್ವಾ, ನಿನ್ನ ಹುಲಿ ಡೆಡ್."

"ತವರಿಗೆ ಹೋತು ಅನ್ನು."

"ಡ್ರ್ಯಾಗನ್‌ಗೂ ತವರು ಇರ್ತದೇನು?"

"ಯಾರ ಹೊಟ್ಟಿಲೆ ಹುಟ್ಟೈತಿ ಅದು? ಇರ್ತೈತಿ."

ನಾನು ಪಕ್ಕದ ಕೋಣೆಯಲ್ಲಿ ಟಿವಿ ನೋಡುತ್ತ ಇದನ್ನೆಲ್ಲ ಕೇಳುತ್ತಿದ್ದೆ. ನಾನು ಆಡಿದವನಲ್ಲ.

ಹಗ್ಗದಜ್ಜಿ ಅವಳ ಮೆಚ್ಚಿನ ಮಂತ್ರ. ಚಿತ್ರದಲ್ಲಿ ತುಂಬಿದ ಹೊಳೆ, ದಂಡೆಯ ಮೆಟ್ಟಿಲ ಮೇಲೆ ಒಬ್ಬ ಮುದುಕಿ. ಅವಳ ಸೊಂಟಕ್ಕೆ ಒಂದು ದಪ್ಪ ಹಗ್ಗ ಸುತ್ತಿದೆ. ಹಗ್ಗದ ಇನ್ನೊಂದು ತುದಿಗೆ ದೋಣಿಗಳು, ಸಣ್ಣವು ದೊಡ್ಡವು, ಒಂದರ ಹಿಂದೆ ಒಂದು. ಮುದುಕಿಯ ಮುಖ ಕಾಣುವುದಿಲ್ಲ. ಬೆನ್ನು ಮತ್ತು ಕೂದಲಿನ ಗಂಟು ಮಾತ್ರ.

ನಾನು ಹಡಗು ಕಟ್ಟುವ ಕಾರ್ಖಾನೆಯಲ್ಲಿ ಹಗ್ಗ, ಸರಪಳಿ, ಕಪ್ಪಿಗಳ ವಿಭಾಗದಲ್ಲಿ ಕೆಲಸ ಮಾಡುವವನು. ಗಾರ್ಡನ್ ರೀಚ್‌ಗೆ ಬಂದು ಹರೆಯವೆಲ್ಲ ಇಲ್ಲೇ ಕಳೆದಿದ್ದೇನೆ. ಆ ಚಿತ್ರ ನೋಡಿದ ಮೊದಲ ದಿನವೇ ಹೇಳಿದೆ, "ಇದ ಬರಿದಾಂವಗ ಹಗ್ಗ ಗೊತ್ತಿಲ್ಲ. ಮೈಗೆ ಯಾರೂ ಸುತ್ಕೊಳ್ಳೂದಿಲ್ಲ. ಎಳತ ಬಿದ್ರ ಟೊಂಕ ಎರಡ ಹೋಳ ಆಗತೈತಿ. ಕಂಬಕ್ಕ ಸುತ್ತಬೇಕು."

ಅವಳು ಎಲೆಯನ್ನು ಮತ್ತೊಮ್ಮೆ ನೋಡಿದಳು. "ದಂಡಿ ಮ್ಯಾಲ ಕಂಬ ಎಲ್ಲೈತ್ರಿ? ಕಂಬ ಇಲ್ಲದಾಕಿ ಏನ್ ಮಾಡಬೇಕು?"

ಹೌದು, ಚಿತ್ರದಲ್ಲಿ ಕಂಬ ಇರಲಿಲ್ಲ.

ಆ ಎಲೆ ಕೆಲಸ ಮಾಡುವ ರೀತಿಯನ್ನು ಅವಳೇ ನನಗೆ ಹೇಳಿದ್ದಳು, ಅಡುಗೆ ಮಾಡುವ ಬಗೆ ಹೇಳಿದಂತೆ. ಹಗ್ಗದಜ್ಜಿಯನ್ನು ಹಲಗೆಯ ಮೇಲೆ ಇಟ್ಟಮೇಲೆ ಯಾವ ಜೀವಿಯೂ ಬೀಳುವುದಿಲ್ಲ, ನಮ್ಮದೂ ಎದುರಿನವರದೂ. ಹೊಡೆಯುವವರು ಹೊಡೆಯಬಹುದು. ಪೆಟ್ಟು ತಿಂದ ಜೀವಿಯ ಮೇಲೆ ಒಂದು ಗುರುತು ಇಡುತ್ತಾರೆ. ಅದು ನಿಂತೇ ಇರುತ್ತದೆ. ಅಂಗಡಿಯಲ್ಲಿ ಅದಕ್ಕೆ ಗಾಜಿನ ಗುಂಡು ಇಡುತ್ತಾರೆ. ಅವಳು ಹುಣಸೆ ಬೀಜ ಇಡುತ್ತಿದ್ದಳು. ಆದರೆ ಹಗ್ಗ ಹಿಡಿದವರಿಗೆ ಎರಡೂ ಕೈ ಹಗ್ಗದಲ್ಲಿ. ಅದಕ್ಕೆ ಅವರು ಕಟ್ಟಿನಿಂದ ಹೊಸ ಎಲೆ ಎತ್ತುವಂತಿಲ್ಲ. ಅಷ್ಟೇ ಅಲ್ಲ, ತಮ್ಮ ಸರದಿ ಬಂದಾಗಲೆಲ್ಲ ಕೈಯಲ್ಲಿರುವ ಒಂದು ಎಲೆಯನ್ನು ಬೋರಲಾಗಿ ಹಗ್ಗದಜ್ಜಿಯ ಕೆಳಗೆ ಇಡಬೇಕು. ಇಡಲು ಎಲೆ ಇಲ್ಲದಿದ್ದರೆ, ಅಥವಾ ಇಡಲು ಮನಸ್ಸಿಲ್ಲದಿದ್ದರೆ, ಹಗ್ಗ ಬಿಟ್ಟಂತೆ. ಆಗ ಬೀಜ ಹೊತ್ತ ಜೀವಿಗಳೆಲ್ಲ ಒಟ್ಟಿಗೆ ಹೋಗುತ್ತವೆ.

"ಹಂಗಾದ್ರ ಏನ್ ಉಪಯೋಗ?" ಎಂದು ಕೇಳಿದ್ದೆ. "ಕಡೀಗೆ ಹೋಗೂವ ಅಲ್ಲ?"

"ಕಡೀತನಕ ಟೈಮ್ ಸಿಗತೈತಿ" ಎಂದಿದ್ದಳು.

ಮಗಳು ಬಾರಾನಗರದ ಸಂಶೋಧನಾ ಸಂಸ್ಥೆಗೆ ಸೇರಿ ಅಲ್ಲಿನ ಹಾಸ್ಟೆಲಿಗೆ ಹೋದಾಗ ಈ ಹಲಗೆ ಬಂದದ್ದು. ಬಾರಾನಗರ ನಗರದ ಆ ತುದಿ, ನಾವು ಈ ತುದಿ. ಭಾನುವಾರ ಬಂದು ಆಡಿದರೆ ಆಟ ಮುಗಿಯುತ್ತಿರಲಿಲ್ಲ. ಮುಗಿಸಲು ಅವರಿಗೂ ಅವಸರವಿರಲಿಲ್ಲ. ಅದಕ್ಕೇ ಹಲಗೆಯ ಮೇಲೆ ಆಟ ಹೇಗಿದೆಯೋ ಹಾಗೇ ಬಿಟ್ಟು, ಗಮ್ಛಾ ಹೊದಿಸಿ, ಮುಂದಿನ ಭಾನುವಾರದವರೆಗೆ ಅಲ್ಮೇರಾದ ಮೇಲೆ ಇಡುವ ರೂಢಿ ಬಂತು. ಫ್ಯಾನಿನ ಗಾಳಿಗೆ ಎಲೆ ಹಾರದಂತೆ ಹುಣಸೆ ಬೀಜಗಳೇ ತೂಕಕ್ಕೂ ಆದವು. ಹಲಗೆ ಎತ್ತಿಡುವುದು ನನ್ನ ಕೆಲಸ. ಅಲುಗಾಡಿಸದೆ ಎತ್ತಬೇಕು. "ಜ್ವಾಕಿ, ಜ್ವಾಕಿ, ಗೌಡ ಬಿದ್ದಾನು" ಎಂದು ಅವಳು ಕೆಳಗಿನಿಂದ ಕೂಗುತ್ತಿದ್ದಳು.

ಆಮೇಲೆ ಅವಳ ಕಿಡ್ನಿ ಕೆಟ್ಟಿತು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಆ ದಿನಗಳಲ್ಲಿ ಅವಳಿಗೆ ಮಾತೂ ಬೇಡವಾಗುತ್ತಿತ್ತು. ಕಸ್ಬಾಕ್ಕೆ ಹೋಗುವುದು ನಿಂತಿತು. ಭಾನುವಾರದ ಆಟ ಮಾತ್ರ ನಿಲ್ಲಲಿಲ್ಲ. ಒಮ್ಮೊಮ್ಮೆ ಇಬ್ಬರೂ ಒಂದೊಂದೇ ಸರದಿ ಆಡಿ ಸಾಕು ಎನ್ನುತ್ತಿದ್ದರು. ದಿಂಬಿಗೆ ಒರಗಿ ಕೂತು ಅವಳು ಕೈಯಲ್ಲಿನ ಎಲೆಗಳನ್ನು ಬಹಳ ಹೊತ್ತು ನೋಡುತ್ತಿದ್ದಳು, ಪೇಟೆಯಲ್ಲಿ ಬದನೆಕಾಯಿ ಆರಿಸುವಂತೆ. ಅವುಗಳಲ್ಲಿ ಒಂದನ್ನು ಎತ್ತಿ ಹಗ್ಗದಜ್ಜಿಯ ಕೆಳಗೆ ಸರಿಸುತ್ತಿದ್ದಳು. ಹಲಗೆಯ ಮೇಲೆ ಬೀಜ ಹೊತ್ತ ಎಲೆಗಳು ಹೆಚ್ಚಾದವು. ಬೀಜವಿಲ್ಲದ ಎಲೆಯೇ ಉಳಿಯಲಿಲ್ಲ ಎನ್ನಬಹುದು. ಎಲ್ಲವೂ ನಿಂತಿದ್ದವು.

ಕೊನೆಯ ಬಾರಿ ಅವಳು ಆಡಿದಾಗ ನಾನು ಅಲ್ಲೇ ಇದ್ದೆ. ಎಲೆ ಸರಿಸಿದ ಮೇಲೆ ಕೈ ತೋರಿಸಿದಳು. "ನೋಡು, ಇನ್ನ ಒಂದ ಉಳದೈತಿ. ನಿನ್ನ ಸರದಿ."

ಮಗಳು ಹಲಗೆ ನೋಡಿದಳು, ತಾಯಿಯನ್ನು ನೋಡಿದಳು. "ನೆಕ್ಸ್ಟ್ ವೀಕ್ ಆಡ್ತೀನಿ ಅವ್ವಾ. ಲೇಟ್ ಆತು."

"ಇನ್ನೂ ನಾಕ್ ಹೊಡದಿಲ್ಲ."

"ನೆಕ್ಸ್ಟ್ ವೀಕ್."

ತಾಯಿ ನಕ್ಕಳು. ಉಳಿದ ಒಂದು ಎಲೆಯನ್ನು ಬೋರಲಾಗಿ ತನ್ನ ಕಡೆಯ ಮೂಲೆಯಲ್ಲಿಟ್ಟು ಮೇಲೊಂದು ಬೀಜ ಇಟ್ಟಳು. ನಾನು ಹಲಗೆ ಎತ್ತಿಟ್ಟೆ. ಮುಂದಿನ ಭಾನುವಾರ ಮಗಳು ಓದುವುದಿದೆ ಎಂದಳು. ಅದರ ಮುಂದಿನ ಭಾನುವಾರ ತಾಯಿಗೆ ಜ್ವರ. ಆಮೇಲೆ ಆಸ್ಪತ್ರೆ. ಒಂದು ಬೆಳಗ್ಗೆ ನಾನು ಚಹಾ ಕುಡಿದು ವಾರ್ಡಿಗೆ ವಾಪಸ್ ಬರುವಷ್ಟರಲ್ಲಿ ಅವಳ ಹಾಸಿಗೆಯ ಸುತ್ತ ಪರದೆ ಎಳೆದಿದ್ದರು.

ಊರಿನಿಂದ ಬಂಧುಗಳು ಬಂದರು. ಕಾರ್ಯ ಮುಗಿಯುವವರೆಗೆ ಮನೆ ತುಂಬ ಜನ. ಅವಳ ಅಕ್ಕ ಹುಬ್ಬಳ್ಳಿಯವರು; ಸುಮ್ಮನೆ ಕೂರಲಾಗದೆ ಮನೆ ಸ್ವಚ್ಛ ಮಾಡಲು ಹೊರಟರು. ಸ್ಟೂಲ್ ಹತ್ತಿ ಅಲ್ಮೇರಾದ ಮೇಲೆ ಕೈಯಾಡಿಸಿ ಗಮ್ಛಾದ ತುದಿ ಎತ್ತಿದರು.

"ಇದೇನಿದು, ಇಸ್ಪೀಟ್ ಎಲಿ? ಇಂಥಾ ಹೊತ್ತಿನ್ಯಾಗ ಮನ್ಯಾಗ ಹಿಂಗ ಹರವಿ ಇಡ್ತಾರನ? ತಗೀರಿ ಮೊದಲ."

"ದೊಡ್ಡವ್ವಾ, ಟಚ್ ಮಾಡಬ್ಯಾಡ್ರಿ." ಮಗಳು ಬಾಗಿಲಲ್ಲಿ ನಿಂತಿದ್ದಳು. ಅಲ್ಲಿಯವರೆಗೆ ಅವಳು ಯಾರ ಜೊತೆಗೂ ಹೆಚ್ಚು ಮಾತಾಡಿರಲಿಲ್ಲ.

"ಧೂಳ ಆಗೈತೆ ಯವ್ವಾ."

"ಇರ್ಲಿ. ಅದು ನಡದದ. ಗೇಮ್ ನಡದದ."

ದೊಡ್ಡವ್ವ ನನ್ನ ಮುಖ ನೋಡಿದರು. ನಾನು ಸ್ಟೂಲ್ ಹಿಡಿದು, "ಇಳೀರಿ, ಅದ್ನ ನಾ ನೋಡ್ಕೋತೀನಿ" ಎಂದೆ. ಅವರು ಇಳಿದರು. ತಂಗಿಯ ಆಟ ಎಂದು ಆಮೇಲೆ ಯಾರೋ ಹೇಳಿರಬೇಕು. ಊರಿಗೆ ಹೊರಡುವಾಗ ಆ ಕೋಣೆಗೆ ಹೋಗಿ ಸ್ವಲ್ಪ ಹೊತ್ತು ಅಲ್ಮೇರಾದ ಕಡೆ ಮುಖ ಮಾಡಿ ನಿಂತಿದ್ದರು.

ಬಂಧುಗಳೆಲ್ಲ ಹೋದ ಮೇಲೆಯೂ ಮಗಳು ಹಾಸ್ಟೆಲಿಗೆ ಹೋಗಲಿಲ್ಲ. ಇವತ್ತು ಹೋಗುತ್ತಾಳೆ, ನಾಳೆ ಹೋಗುತ್ತಾಳೆ ಎಂದು ನಾನೂ ಕೇಳಲಿಲ್ಲ. ನಾನು ಕೆಲಸಕ್ಕೆ ಹೊರಡುವಾಗ ಅವಳು ತಾಯಿಯ ಮಂಚದ ಮೇಲೆ ಗೋಡೆ ಕಡೆ ತಿರುಗಿ ಮಲಗಿರುತ್ತಿದ್ದಳು. ಸಂಜೆ ಬಂದಾಗ ಮುಚ್ಚಿಟ್ಟ ಅನ್ನ ಮುಚ್ಚಿಟ್ಟಂತೆಯೇ ಇರುತ್ತಿತ್ತು. ಅವಳ ಗೈಡ್ ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಕೊನೆಗೆ ಆ ಹೆಂಗಸು ನನಗೇ ಫೋನ್ ಮಾಡಿ, ಅವಸರವಿಲ್ಲ, ಆದರೆ ಒಮ್ಮೆಯಾದರೂ ಬಂದು ಹೋಗಲಿ, ಇಲ್ಲದಿದ್ದರೆ ಈ ವರ್ಷದ ಕೆಲಸ ಕೈತಪ್ಪುತ್ತದೆ ಎಂದರು. ಒಳ್ಳೆಯವರಾಗಿಯೇ ಹೇಳಿದರು.

ಅವತ್ತು ಊಟಕ್ಕೆ ಕೂತಾಗ ಕೇಳಿದೆ, "ಬಾರಾನಗರಕ್ಕ ಯಾವಾಗ ಹೋಗ್ತಿ?"

"ಭಾನುವಾರ ವಾಪಸ್ ಯಾಕ ಬರಬೇಕು ಮತ್ತ?"

ನನಗೆ ಮೊದಲು ಅರ್ಥವಾಗಲಿಲ್ಲ. ಅವಳ ಕಣ್ಣು ಕೋಣೆಯ ಕಡೆ, ಅಲ್ಮೇರಾದ ಮೇಲಿನ ಹಲಗೆಯ ಕಡೆ ಹೋದಾಗ ಆಯಿತು.

"ಆಟ ಮುಗಸಿ ಹೋಗು" ಎಂದೆ.

"ಯಾರ ಜೋಡಿ?"

"ನಾ ಕೂಡ್ತೀನಿ ಅಕೀ ಜಾಗಾದಾಗ."

"ಅಪ್ಪಾ, ನಿಮಗ ರೂಲ್ಸ್ ಒಂದೂ ಗೊತ್ತಿಲ್ಲ." ಅನ್ನದಲ್ಲಿ ಬೆರಳಾಡಿಸುತ್ತ ಇದ್ದಳು. "ನಾ ಆಡಿದ್ರ ಅವ್ವನ ಟರ್ನ್ ಬರ್ತದ. ಅಕೀ ಟರ್ನ್ ಬಂದ್ರ ಉಳಿದ ಆ ಒಂದೂ ಹೋಗಿ ಅಕೀ ಹಗ್ಗ ಬಿಡಬೇಕಾಗ್ತದ. ನಾ ಆಡ್ಲಿಲ್ಲ ಅಂದ್ರ ಹಂಗ ಇರ್ತದ."

ಅಷ್ಟು ಹೇಳಿ ಎದ್ದು ಕೈ ತೊಳೆದಳು. ನಿಜ ಹೇಳಬೇಕೆಂದರೆ ನನಗೂ ಹಲಗೆ ಹಾಗೆಯೇ ಇರಲಿ ಅನಿಸುತ್ತಿತ್ತು. ಮಲಗಿದಾಗ ಮೇಲೆ ಕಾಣುತ್ತಿತ್ತು. ಆದರೆ ಮಗಳು ತೆಳ್ಳಗಾಗುತ್ತಿದ್ದಳು.

ಆ ಶನಿವಾರ ಕಾರ್ಖಾನೆ ಅರ್ಧ ದಿನ. ಮನೆಗೆ ಬರದೆ ಬಸ್ ಹಿಡಿದು ಕಸ್ಬಾಕ್ಕೆ ಹೋದೆ. ಮೊದಲೆಲ್ಲ ಹೆಂಡತಿಯನ್ನು ಕರೆದುಕೊಂಡು ಬರಲು ಹೋದಾಗ ಕೆಳಗಿನ ಚಹಾ ಅಂಗಡಿಯಲ್ಲೇ ನಿಲ್ಲುತ್ತಿದ್ದೆ. ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಉದ್ದನೆಯ ಮೇಜುಗಳು, ಎರಡು ಮೂರು ಜೋಡಿ ಆಡುತ್ತಿದ್ದರು. ಅಂಗಡಿಯವರು ನಲವತ್ತರ ಆಸುಪಾಸಿನ ಬಂಗಾಳಿ. ನನ್ನನ್ನು ಕೆಳಗಿನ ಚಹಾ ಅಂಗಡಿಯಲ್ಲಿ ನೋಡಿದ್ದಿರಬೇಕು, ಗುರುತಿಸಿದರು.

"ಬನ್ನಿ ಕಾಕು, ಕೂತ್ಕೊಳ್ಳಿ. ಕಾಕಿಮಾ ಎಲ್ಲಿ? ಬಹಳ ದಿನ ಆಯ್ತು," ಎಂದರು ಹಿಂದಿಯಲ್ಲಿ. ಇಲ್ಲಿ ಚಿಕ್ಕಪ್ಪನಿಗೆ ಕಾಕು ಎನ್ನುತ್ತಾರೆ.

ಹೇಳಿದೆ. ಎಷ್ಟು ಜನಕ್ಕೆ ಹೇಳಿದ್ದರೂ ಪ್ರತಿ ಸಲವೂ ಮೊದಲಿನಿಂದ ಹೇಳಿದಂತೆಯೇ. ಪಕ್ಕದ ಮೇಜಿನಲ್ಲಿ ಆಡುತ್ತಿದ್ದ ಕಾಲೇಜು ಹುಡುಗಿಯೊಬ್ಬಳು ಕೈಯಲ್ಲಿದ್ದ ಎಲೆಗಳನ್ನು ಕೆಳಗಿಟ್ಟಳು. ಅಂಗಡಿಯವರು ಸ್ವಲ್ಪ ಹೊತ್ತು ಗಾಜಿನ ಪೆಟ್ಟಿಗೆಯನ್ನು ಬಟ್ಟೆಯಿಂದ ಒರೆಸಿದರು, ಆಗಲೇ ಒರೆಸಿದ್ದ ಜಾಗವನ್ನೇ.

ಮನೆಯಲ್ಲಿ ಅರ್ಧಕ್ಕೆ ನಿಂತ ಆಟದ ಬಗ್ಗೆ, ಹಗ್ಗ ಸುತ್ತಿಕೊಂಡ ಮುದುಕಿಯ ಎಲೆಯ ಬಗ್ಗೆ ಹೇಳಿದೆ. ಅವರು ಏನೂ ಕೇಳದೆ ಪೆಟ್ಟಿಗೆಯಿಂದ ಒಂದು ಎಲೆ ತೆಗೆದು ನನ್ನ ಮುಂದಿಟ್ಟರು. ಹಗ್ಗದಜ್ಜಿ. ನಮ್ಮ ಮನೆಯದು ಅಂಚು ಸವೆದಿತ್ತು, ಇದು ಹೊಸದು.

"ನಿಮಗೆ ಎಷ್ಟು ಗೊತ್ತು?"

ಗೊತ್ತಿದ್ದಷ್ಟು ಹೇಳಿದೆ. ಅವರು ತಲೆಯಾಡಿಸುತ್ತ ಕೇಳಿ, ಎಲೆಯ ಕೆಳಗಿನ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. "ಇದು ಗೊತ್ತಿಲ್ಲ ನಿಮಗೆ. ಹಗ್ಗ ಬಿಟ್ಟಾಗ, ಕೆಳಗೆ ಇಟ್ಟ ಎಲೆಗಳಿದ್ದಾವಲ್ಲ, ಅವು ಎದುರಿನವರ ಕೈಗೆ ಹೋಗುತ್ತವೆ. ಈ ಮಂತ್ರದ ಬೆಲೆ ಅದು. ಹೊಳೆಗೆ ಕೊಟ್ಟದ್ದು ಆಚೆ ದಡಕ್ಕೆ ಸೇರುತ್ತದೆ ಅಂತ ಬರೆದಿದೆ. ಅದಕ್ಕೇ ಇದನ್ನ ಆಡುವವರೆಲ್ಲ ಕೈಯಲ್ಲಿರುವ ಕಸ ಕೆಳಗಿಡುತ್ತಾರೆ."

"ಕಾಕಿಮಾ ಇಡ್ತಿರಲಿಲ್ಲ," ಎಂದಳು ಆ ಹುಡುಗಿ.

ಅಂಗಡಿಯವರು ನಕ್ಕರು. "ಅದಕ್ಕೇ ಸೋಲ್ತಿದ್ದರು."

"ನನ್ನ ಜೊತೆ ಆಡಿದಾಗ ಹಗ್ಗ ಬಿಟ್ಟರು. ಎಲೆ ತಿರುಗಿಸಿ ನೋಡ್ತೀನಿ, ಅವರ ಹುಲಿ ಇದೆ, ಹದ್ದು ಇದೆ. ಕಾಕಿಮಾ, ಪಾಗೋಲ್ ನಾಕಿ, ನಿಮಗೇನು ಹುಚ್ಚಾ ಅಂದೆ. ಅವರೇನಂದ್ರು ಗೊತ್ತಾ?" ಹುಡುಗಿ ನನ್ನ ಕಡೆ ತಿರುಗಿ, ನನ್ನ ಹೆಂಡತಿಯ ಹಿಂದಿಯಲ್ಲೇ ಹೇಳಿದಳು. ಆ ಹಿಂದಿ ನಮ್ಮ ಮನೆಯದು. ಹಿಂದಿಯ ಶಬ್ದ, ಹಾವೇರಿಯ ರಾಗ. "ಇನ್ನೊಬ್ಬರ ಕೈಗೆ ಹೋಗುವುದನ್ನ ಕೆಟ್ಟದ್ದು ನೋಡಿ ಕೊಡ್ತಾರೇನು?"



ನನ್ನ ಹೆಂಡತಿ ಹಾಗೆಯೇ. ಕೆಲಸದವಳಿಗೆ ಸೀರೆ ಕೊಟ್ಟರೆ ಉಟ್ಟು ಹಳತಾದದ್ದನ್ನು ಕೊಡುತ್ತಿರಲಿಲ್ಲ. ಪಕ್ಕದ ಮನೆಗೆ ಪಲ್ಯ ಕಳಿಸಿದರೆ ತಳದ್ದನ್ನು ನಮಗೆ ಇಟ್ಟು ಮೇಲಿನದನ್ನು ಕಳಿಸುತ್ತಿದ್ದಳು. ನಾನು ಎಷ್ಟೋ ಸಲ ತಳದ ಪಲ್ಯ ಉಂಡು ಗೊಣಗಿದ್ದೇನೆ. ಆಟದಲ್ಲೂ ಅದನ್ನೇ ಮಾಡುತ್ತಿದ್ದಳು ಎಂಬುದು ಗೊತ್ತಿರಲಿಲ್ಲ.

"ಅವಳ ಜಾಗದಲ್ಲಿ ನಾನು ಕೂರಬಹುದೇ?" ಎಂದು ಕೇಳಿದೆ. ಅದಕ್ಕೇ ನಾನು ಬಂದದ್ದು.

"ಇಲ್ಲಿ ಪಂದ್ಯ ಇದ್ದರೆ ಆಗುವುದಿಲ್ಲ. ಮನೆ ಆಟ ತಾನೆ? ಮನೆ ಆಟಕ್ಕೆ ಮನೆಯವರದೇ ನಿಯಮ." ಹೊರಡುವಾಗ ಅವರು ಆ ಹೊಸ ಎಲೆಯನ್ನು ನನ್ನ ಕೈಗೆ ಕೊಡಲು ಬಂದರು. ಬೇಡ, ಒಂದಿದೆ ಎಂದೆ.

ಮರುದಿನ ಭಾನುವಾರ. ತಿಂಡಿಯಾದ ಮೇಲೆ ಸ್ಟೂಲ್ ಹಾಕಿ ಹಲಗೆ ಇಳಿಸಿದೆ. ಮಗಳು ಅಡುಗೆಮನೆಯಿಂದ ನೋಡುತ್ತಿದ್ದವಳು ತಡೆಯಲಿಲ್ಲ. ಜ್ವಾಕಿ ಎಂದು ಕೂಗುವವರಿಲ್ಲದೆ ನಾನು ಇನ್ನೂ ನಿಧಾನವಾಗಿ ಇಳಿಸಿದೆ. ಮಂಚದ ಮೇಲಿಟ್ಟು ಗಮ್ಛಾ ತೆಗೆದೆ. ಧೂಳು ಬಟ್ಟೆಯ ಮೇಲೇ ನಿಂತಿತ್ತು. ಎಲೆಗಳು ಹೊಸದಾಗಿ ಇಟ್ಟಂತಿದ್ದವು. ದಿಂಬಿನ ಕಡೆ, ಅವಳು ಕೂರುತ್ತಿದ್ದಲ್ಲಿ ಕೂತೆ.

"ನಿನ್ನ ಸರದಿ" ಎಂದೆ.

ಅವಳು ನಿಂತೇ ಇದ್ದಳು. "ನಿನ್ನೆ ಎಲ್ಲಿ ಹೋಗಿದ್ರಿ ನೀವು?"

"ಕಸ್ಬಾಕ್ಕ."

"ಅಂಗಡಿಗೆ?" ಬಂದು ಎದುರು ಕೂತಳು. "ಕೆಳಗಿನ್ವು ನನಗ ಬರ್ತಾವ ಅಂತ ಹೇಳಿದ್ರಾ?"

"ಹೇಳಿದ್ರು. ನಿನಗ ಗೊತ್ತಿತ್ತು."

"ಫಸ್ಟ್‌ನಿಂದ ಗೊತ್ತಿತ್ತು. ಅವ್ವ ಒಳ್ಳೇ ಕಾರ್ಡ್ ಎಲ್ಲಾ ಅಲ್ಲೇ ಇಡ್ತಾಳ. ಯಾವಾಗ್ಲೂ ಹಂಗ ಮಾಡ್ತಾಳ. ಸ್ಟುಪಿಡ್ ಮೂವ್ ಅದು. ಹೇಳಿದ್ರ ಕೇಳೂದಿಲ್ಲ." ಮೂಗು ಒರೆಸಿಕೊಂಡಳು. "ನನಗ ಅವು ಬ್ಯಾಡ ಅಪ್ಪಾ."

ಹೊರಗೆ ಮೀನಿನವನು ಕೂಗುತ್ತ ಹೋದ. ಅವನ ಕೂಗು ಕ್ವಾರ್ಟರ್ಸಿನ ಕೊನೆ ತಲುಪುವವರೆಗೆ ಅವಳು ಹಲಗೆಯನ್ನೇ ನೋಡುತ್ತಿದ್ದಳು. ಆಮೇಲೆ ತನ್ನ ಕಟ್ಟಿನಿಂದ ಒಂದು ಎಲೆ ಎತ್ತಿದಳು. ತನ್ನ ಕುದುರೆಯನ್ನು ಬೆರಳಿನಿಂದ ಮುಂದೆ ಸರಿಸಿ, ನಮ್ಮ ಕಡೆ ಬೀಜವಿಲ್ಲದೆ ಉಳಿದಿದ್ದ ಸಿಟ್ಟಿನ ಗೌಡನಿಗೆ ಹೊಡೆದಳು. ಬಟ್ಟಲಿನಿಂದ ಬೀಜ ತೆಗೆದು ಗೌಡನ ಮೇಲೆ ಇಟ್ಟೆ. ಗೌಡ ನಿಂತ.

"ನಿಮ್ಮ ಟರ್ನ್" ಎಂದಳು.

ಮೂಲೆಯಲ್ಲಿದ್ದ ಆ ಒಂದು ಎಲೆಯ ಮೇಲಿನ ಬೀಜ ತೆಗೆದೆ. ಎಲೆ ಎತ್ತಿಕೊಂಡೆ. ಆಸ್ಪತ್ರೆಗೆ ಹೋಗುವ ಮುಂಚೆ ಅವಳು ಮುಟ್ಟಿದ್ದು. ತಿರುಗಿಸಿದೆ.

ಒಬ್ಬ ಹೊರೆಯಾಳು. ತಲೆಯ ಮೇಲೆ ಒಂದು ಮೂಟೆ, ಬರಿಗಾಲು, ಕೈಯಲ್ಲಿ ಆಯುಧವಿಲ್ಲ. ಕೆಳಗೆ ಒಂದೇ ಸಾಲು ಬರಹ. ಕಟ್ಟಿನಲ್ಲೇ ಬಡವನಾದ ಎಲೆ ಅದು ಎಂದು ನನಗೂ ತಿಳಿಯಿತು. ಒಳ್ಳೆಯದನ್ನೆಲ್ಲ ಮೊದಲು ಇಟ್ಟು ಇಟ್ಟು, ಅವಳ ಕೈಯಲ್ಲಿ ಉಳಿದದ್ದು ಇವನು.

ಇವನನ್ನು ಹಗ್ಗದಜ್ಜಿಯ ಕೆಳಗಿಟ್ಟರೆ ಇನ್ನೊಂದು ಸರದಿ ಎಲ್ಲವೂ ಹೀಗೆಯೇ ನಿಲ್ಲುತ್ತವೆ. ಮಗಳು ಮುಂದಿನ ಭಾನುವಾರ ಆಡುತ್ತೇನೆ ಎನ್ನಬಹುದು. ನಾನು ಹಲಗೆ ಎತ್ತಿಡಬಹುದು. ಮಲಗಿದಾಗ ಮೇಲೆ ಕಾಣುತ್ತದೆ. ನನ್ನ ಕೈ ಹಗ್ಗದಜ್ಜಿಯ ತನಕ ಹೋಗಿತ್ತು. ಮಗಳು ಆ ಕೈಯನ್ನು ನೋಡುತ್ತಿದ್ದಳು. ಅವಳ ಮುಖದಲ್ಲಿ ಅಲ್ಲೇ ಇಟ್ಟುಬಿಡಲಿ ಎಂಬ ಆಸೆ ಇತ್ತು; ನನಗೆ ಸ್ಪಷ್ಟವಾಗಿ ಕಂಡಿತು.

ಆದರೆ ಇಟ್ಟದ್ದು ನಾಳೆ ಅವಳ ಕೈಗೆ ಹೋಗುವಂಥದ್ದು. ಹಗ್ಗದಜ್ಜಿಯ ಕೆಳಗೆ ತಾಯಿ ಇಟ್ಟ ಒಳ್ಳೆಯ ಎಲೆಗಳ ಸಾಲಿನಲ್ಲಿ ಕೊನೆಯದಾಗಿ ಇವನು ಸೇರುತ್ತಿದ್ದ.

"ಇದನ್ನ ಇಡಾಕ ಬರೂದಿಲ್ಲ" ಎಂದೆ.

"ರೂಲ್ ಪ್ರಕಾರ ಯಾವುದೂ ಇಡಬಹುದು ಅಪ್ಪಾ."

"ಗೊತ್ತೈತಿ. ಇದು ಕೊಡೂವಂಥದ್ದಲ್ಲ."

ಎಲೆ ತಿರುಗಿಸಿ ತೋರಿಸಿದೆ. ಅವಳು ಹೊರೆಯಾಳನ್ನು ನೋಡಿದಳು. ಅಳು ಬಂತು, ಅಳುತ್ತಲೇ, "ಇವನ್ನ ಕಟ್ಟಿನ್ಯಾಗ ಯಾಕ ಇಟ್ಟಾಳೋ. ತಗೀ ಅಂತ ಎಷ್ಟ್ ಸಲ ಹೇಳೀನಿ. ಪಾಪ, ಇರ್ಲಿ ಅಂತಿದ್ಲು," ಎಂದಳು.

ಕಾರ್ಖಾನೆಯಲ್ಲಿ ಹಡಗಿನ ಹಗ್ಗ ಬಿಡುವಾಗ ನಾವು ಒಮ್ಮೆಲೇ ಬಿಡುವುದಿಲ್ಲ. ಕಂಬದ ಮೇಲೆ ಒಂದು ಸುತ್ತು ಉಳಿಸಿಕೊಂಡು, ಕೈಯೊಳಗಿಂದ ಸಡಿಲ ಬಿಡುತ್ತ ಹೋಗುತ್ತೇವೆ. ಹಡಗು ತಾನೇ ದಂಡೆಯಿಂದ ಸರಿಯುತ್ತದೆ. ನಾನು ಹಾಗೆಯೇ ಮಾಡಿದೆ. ಒಂದೊಂದೇ ಬೀಜ ಎತ್ತಿ ಬಟ್ಟಲಿಗೆ ಹಾಕಿದೆ. ಬೀಜ ಎತ್ತಿದ ಎಲೆಯನ್ನು ಅದರದರ ರಾಶಿಗೆ ಇಟ್ಟೆ. ಅವಳ ಕಡೆಯದನ್ನು ಅವಳ ರಾಶಿಗೆ, ನಮ್ಮ ಕಡೆಯದನ್ನು ನಮ್ಮ ರಾಶಿಗೆ.

ಮೊದಲನೆಯದು ಇಟ್ಟಾಗ ಮಗಳು ಸಣ್ಣ ದನಿಯಲ್ಲಿ, "ತವರಿಗೆ," ಎಂದಳು.

"ತವರಿಗೆ," ಎಂದೆ ನಾನು ಎರಡನೆಯದಕ್ಕೆ.

ಕೊನೆಗೆ ಗೌಡ, ಈಗಷ್ಟೇ ಪೆಟ್ಟು ತಿಂದವನು. ಅವನೂ ಹೋದ. ಹಗ್ಗದಜ್ಜಿಯನ್ನು ಎತ್ತಿ ನಮ್ಮ ರಾಶಿಯ ಮೇಲಿಟ್ಟೆ. ಅಂಚು ಸವೆದ ಎಲೆ. ಕೂದಲಿನ ಗಂಟಿನ ಹತ್ತಿರ ಅರಿಶಿನದ ಒಂದು ಕಲೆ ಇತ್ತು. ಯಾವಾಗಲೋ ಒಗ್ಗರಣೆ ಹಾಕಿ ಬಂದ ಕೈಯದು. ಅಜ್ಜಿಯ ಕೆಳಗಿದ್ದ ಎಲೆಗಳನ್ನು ಒಟ್ಟುಗೂಡಿಸಿ ಮಗಳಿಗೆ ಕೊಟ್ಟೆ. ಅವಳು ಎರಡೂ ಕೈ ಒಡ್ಡಿ ತೆಗೆದುಕೊಂಡಳು. ತಿರುಗಿಸಿ ಒಂದೊಂದಾಗಿ ನೋಡಿದಳು. ಮುದಿಹುಲಿ ಇತ್ತು. ಎರಡು ತಲೆಯ ಹದ್ದು ಇತ್ತು. ಉಳಿದವುಗಳ ಹೆಸರು ನನಗೆ ಗೊತ್ತಿರಲಿಲ್ಲ. ಅವಳು ತಾಯಿ ಇಟ್ಟ ಹೆಸರುಗಳನ್ನು ತನ್ನಷ್ಟಕ್ಕೆ ಹೇಳಿಕೊಂಡಳು. ನೋಡಿ ಮುಗಿದ ಮೇಲೆ ಅವುಗಳನ್ನು ತನ್ನ ಕೈಯಲ್ಲಿದ್ದ ಎಲೆಗಳ ಜೊತೆ ಸೇರಿಸಿಕೊಂಡಳು.

ಹಲಗೆ ಬಹುಮಟ್ಟಿಗೆ ಬರಿದು. ಅವಳ ಕಡೆ ಒಂದು ಕುದುರೆ ಉಳಿದಿತ್ತು. ನಮ್ಮ ಕಡೆ ಏನೂ ಇಲ್ಲ.

"ಇನ್ನೂ ನಿಮ್ಮ ಟರ್ನ್ ಅದ," ಎಂದಳು ಮಗಳು. ದನಿ ಒಡೆದಿತ್ತು, ಆದರೆ ಆಟದವರ ದನಿ ಅದು. "ಏನರ ಆಡ್ತೀರೇನು, ಬಿಡ್ತೀರೇನು?"

ಹೊರೆಯಾಳನ್ನು ನಮ್ಮ ಕಡೆ ನಿಲ್ಲಿಸಿದೆ.

"ಅಪ್ಪಾ, ಅವನ ಕೈಲೆ ಏನೂ ಆಗೂದಿಲ್ಲ. ಅವನ್ನ ಕುದರಿ ಒಂದ ಪೆಟ್ಟಿಗೆ ಕಳಸ್ತದ."

"ಕಳಸು. ಮುಂದಿನ ಸರದಿಗೆ ನಾ ಕಟ್ಟಿನಾಗಿಂದ ಎತ್ತಬಹುದಲ್ಲ? ಹಗ್ಗ ಬಿಟ್ಟೇನಿ."

"ಎತ್ತಬಹುದು."

ಕಟ್ಟು ನನ್ನ ಬಲಗಡೆ ಇತ್ತು. ನನ್ನ ಹೆಂಡತಿ ಕಲಸಿಟ್ಟ ಹಾಗೆಯೇ, ಒಂದು ಅಂಚೂ ಹೊರಗೆ ಬರದಂತೆ ತಟ್ಟಿಟ್ಟ ಹಾಗೆಯೇ.

ಮಗಳು ಕುದುರೆಯ ಮೇಲೆ ಬೆರಳಿಟ್ಟಳು, ತೆಗೆದಳು. ಗೋಡೆಯ ಗಡಿಯಾರ ನೋಡಿದಳು. ನಾಳೆ ಬೆಳಗ್ಗೆ ಗೈಡ್ ಸಿಗುತ್ತಾರೆ, ಇವತ್ತು ಸಂಜೆಯೇ ಹಾಸ್ಟೆಲಿಗೆ ಹೋದರೆ ಅನುಕೂಲ ಎಂದಳು. ಬಟ್ಟೆ ಒಗೆಯುವುದಿದೆ ಎಂದಳು. ಆಮೇಲೆ, "ನಿಮಗ ರೂಲ್ಸ್ ಎಲ್ಲಾ ಬರದ ಕೊಡ್ಲೇನು?" ಎಂದು ಕೇಳಿದಳು.

"ಬ್ಯಾಡ. ಭಾನುವಾರ ಬಂದ ಹೇಳು."

ಗಮ್ಛಾವನ್ನು ಬಾಲ್ಕನಿಯಲ್ಲಿ ಕೊಡವಿ ತಂದು ಹೊದಿಸಿದೆ. ಸ್ಟೂಲ್ ಹತ್ತಿ ಹಲಗೆ ಎತ್ತಿದೆ. ಹೊರೆಯಾಳಿನ ಮೇಲೆ ತೂಕಕ್ಕೆ ಬೀಜ ಇಡುವುದು ಮರೆತಿತ್ತು. ಬೀಜ ಇಟ್ಟರೆ ಪೆಟ್ಟು ತಿಂದಂತೆ ಕಾಣುತ್ತದಲ್ಲ ಎಂದು ಯೋಚಿಸುತ್ತಿದ್ದೆ.

"ಜ್ವಾಕಿ, ಅಪ್ಪಾ," ಎಂದಳು ಮಗಳು ಕೆಳಗಿನಿಂದ. ಫ್ಯಾನ್ ಆರಿಸಿದಳು.